ಏಕದಿಂದ ಮಹಾಕ್ಷೋಭದವರೆಗೆ

ಬೊರಿವಲಿಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ವಿಸ್ತೀರ್ಣ ಸುಮಾರು 104 ಚದರ ಕಿಲೋಮೀಟರ್. ಇದನ್ನು ಚದರ ಮೀಟರಿಗೆ ಪರಿವರ್ತಿಸಲು ಹೇಳಿದರೆ, ಕಿಲೋಮೀಟರಿಗೆ ಸಾವಿರ ಮೀಟರ್ ಎಂದು ಬಾಯಿಪಾಠ ಮಾಡಿದ ವಿದ್ಯಾರ್ಥಿ 104ನ್ನು 10³ರಿಂದ ಗುಣಿಸಿ ಮುಗಿಸಿಬಿಡುವುದೇ ಹೆಚ್ಚು. ಉದ್ದ, ಅಗಲ ಎರಡೂ ಸಾವಿರ ಪಟ್ಟಾಗುವುದರಿಂದ ಇಲ್ಲಿ ಬೇಕಾದ ಗುಣಕ (10³)², ಅಂದರೆ 10⁶, ಸರಿಯುತ್ತರ 1.04 × 10⁸ ಚದರ ಮೀಟರ್. 10 ಎಂಬ ಆಧಾರ ಸಂಖ್ಯೆ ಗುಣಾಕಾರದಲ್ಲಿ ಎಷ್ಟು ಸಲ ಬರುತ್ತದೆಂದು ತಿಳಿಸುವ, ಅದರ ಬಲಗಡೆ ಮೇಲಕ್ಕೆ ಚಿಕ್ಕದಾಗಿ ಬರೆಯುವ ಅಂಕಿಯೇ ಘಾತಾಂಕ. ಘಾತಕ್ಕೆ ಮತ್ತೆ ಘಾತ ಬಂದಾಗ ಘಾತಾಂಕಗಳನ್ನು ಗುಣಿಸಬೇಕೆಂಬ ನಿಯಮವನ್ನು ಕರಿಹಲಗೆಯ ಮೇಲೆ ಬರೆದುಕೊಡುವುದಕ್ಕಿಂತ, ಈ ಕಾಡಿನ ಒಂದು ಚದರ ಕಿಲೋಮೀಟರನ್ನು ಸಾವಿರ ಸಾಲು, ಸಾಲಿಗೆ ಸಾವಿರ ಚೌಕ ಎಂದು ಬಿಡಿಸಿ ತೋರಿಸುವುದು ಎಷ್ಟೋ ಮೇಲು.

ಇದೇ ಉದ್ಯಾನದೊಳಗಿನ ಕನ್ಹೇರಿ ಗುಹೆಗಳಲ್ಲಿ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಆಳ್ವಿಕೆಯನ್ನು ಹೆಸರಿಸುವ ಶಾಸನಗಳಿದ್ದು, ಅವುಗಳಲ್ಲೊಂದು ಶಕ 799ರದು, ಎಂದರೆ ಕ್ರಿ.ಶ. 877ರ ಸುಮಾರಿನದು. ಅದೇ ನೃಪತುಂಗನನ್ನು ಗ್ರಂಥಾರಂಭದಲ್ಲಿ ಸ್ತುತಿಸಿ, ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದ ಜೈನ ಗಣಿತಜ್ಞ ಮಹಾವೀರಾಚಾರ್ಯರು ಏಕ, ದಶ, ಶತ, ಸಹಸ್ರಗಳಿಂದ ತೊಡಗಿ ಲಕ್ಷ, ಕೋಟಿ, ಅರ್ಬುದ, ಖರ್ವ, ಪದ್ಮ, ಶಂಖಗಳನ್ನು ದಾಟಿ ಮಹಾಕ್ಷೋಭದವರೆಗೆ 24 ಸ್ಥಾನಗಳಿಗೆ ಹೆಸರು ಕೊಟ್ಟಿದ್ದಾರೆ, ಪ್ರತಿಯೊಂದೂ ತನ್ನ ಹಿಂದಿನದರ ಹತ್ತು ಪಟ್ಟು. ಘಾತಾಂಕ ಬೋಧನೆಗೆ ಇದಕ್ಕಿಂತ ಒಳ್ಳೆಯ ಸಾಧನ ಕನ್ನಡದ ತರಗತಿಗೆ ಸಿಗಲಾರದು. 24ನೆಯ ಸ್ಥಾನವಾದ ಮಹಾಕ್ಷೋಭ 10²⁴ ಆಗದೆ 10²³ ಏಕಾಯಿತೆಂದು ಕೇಳಿ, ಮಕ್ಕಳಿಗೆ ಯೋಚಿಸಲು ಬಿಡುವು ಕೊಡಬೇಕು. ಸ್ಥಾನಗಳ ಎಣಿಕೆ ಒಂದರಿಂದ ಶುರುವಾಗುತ್ತದೆ, ಹತ್ತರಿಂದ ಗುಣಿಸಿದ ಸಲಗಳ ಎಣಿಕೆ ಸೊನ್ನೆಯಿಂದ. ಏಕಸ್ಥಾನಕ್ಕೆ ಬರುವಾಗ ಹತ್ತರಿಂದ ಒಮ್ಮೆಯೂ ಗುಣಿಸಿರುವುದಿಲ್ಲವಾದ್ದರಿಂದ 10⁰ ಎಂದರೆ 1. ಪಠ್ಯಪುಸ್ತಕ ಒಂದೇ ಸಾಲಿನ ಸೂತ್ರವಾಗಿ ಹೇಳಿ ಮುಗಿಸುವ, ಅದಕ್ಕೇ ಮಕ್ಕಳು ನಂಬದೆ ಉರುಹೊಡೆಯುವ ಮಾತು ಇಲ್ಲಿ ತಾನಾಗಿ ಸ್ಪಷ್ಟವಾಗುತ್ತದೆ.

ಈ ಪಟ್ಟಿ ಹಳೆಯ ಕುತೂಹಲವಷ್ಟೇ ಅಲ್ಲ. ರಸಾಯನಶಾಸ್ತ್ರದ ಅವೊಗಾಡ್ರೊ ಸಂಖ್ಯೆ, ಎಂದರೆ ಸುಮಾರು 18 ಗ್ರಾಂ ನೀರಿನಲ್ಲಿರುವ ಅಣುಗಳ ಸಂಖ್ಯೆ, 6.022 × 10²³. ಬಿಡಿಸಿ ಬರೆದರೆ 24 ಅಂಕಿಗಳ ಈ ಸಂಖ್ಯೆ ಆರು ಮಹಾಕ್ಷೋಭಕ್ಕೆ ತುಸು ಹೆಚ್ಚಾಗಿ, ಆಚಾರ್ಯರ ಕೊನೆಯ ಸ್ಥಾನಕ್ಕೆ ಸರಿಯಾಗಿ ಬಂದು ನಿಲ್ಲುತ್ತದೆ.

ಆದರೆ ಪಟ್ಟಿ ಎಡಕ್ಕೆ ಮಾತ್ರ ಬೆಳೆಯುವುದರಿಂದ, ಏಕಸ್ಥಾನದ ಬಲಕ್ಕೆ ಪ್ರತಿ ಹೆಜ್ಜೆಗೂ ಹತ್ತರಿಂದ ಭಾಗಿಸುತ್ತ 10⁻¹, 10⁻², 10⁻³ ಎಂದು ಮುಂದುವರಿಸುವ ಕೆಲಸ ಶಿಕ್ಷಕರದು. ಋಣ ಚಿಹ್ನೆ ಕಂಡೊಡನೆ ಬೆಲೆಯೂ ಋಣವೆಂದು ತಿಳಿಯುವ ವಿದ್ಯಾರ್ಥಿಗೆ, 10⁻³ ಮೀಟರ್ ಎಂದರೆ ಅವನ ಕೈಯಲ್ಲಿರುವ ಅಳತೆಪಟ್ಟಿಯ ಎರಡು ಅಕ್ಕಪಕ್ಕದ ಗೀಟುಗಳ ನಡುವಿನ ಒಂದು ಮಿಲಿಮೀಟರ್ ಎಂದು ಬೆರಳಿಟ್ಟು ತೋರಿಸಬೇಕು.