ಗುರುವಿನ ಕಾಯಕಕ್ಕೆ ತಕ್ಕ ಬೆಲೆ



ಪ್ರತಿ ವರ್ಷ ಸೆಪ್ಟೆಂಬರ್ 5ರಂದು ಬೀದರ ನಗರದಲ್ಲಿಯೂ ಭಾಲ್ಕಿ, ಔರಾದಗಳಲ್ಲಿಯೂ ಶಿಕ್ಷಕರಿಗೆ ಶಾಲು ಹೊದಿಸಿ, ಗುರುವನ್ನು ದೇವರಿಗೆ ಹೋಲಿಸಿ ಭಾಷಣ ಮಾಡುವುದು ರೂಢಿಯಾಗಿದೆ. ಆದರೆ ಅದೇ ಶಿಕ್ಷಕರಲ್ಲಿ ಕೆಲವರು ಪೊಲೀಸ್, ಕಂದಾಯ ಇಲಾಖೆಗಳ ಹುದ್ದೆಗಳಿಗೆ ಅರ್ಜಿ ಹಾಕುತ್ತಾರೆ. ಕೆಲವರು ಹೈದರಾಬಾದಿನ ಖಾಸಗಿ ಕಂಪನಿಗಳ ದಾರಿ ಹಿಡಿಯುತ್ತಾರೆ. 'ಈಗಿನವರಲ್ಲಿ ಸೇವಾಭಾವವೇ ಉಳಿದಿಲ್ಲ' ಎಂದು ಹಳಿಯುವವರು ನಮ್ಮಲ್ಲಿ ಬಹಳ. ಆ ಮಾತು ಎಷ್ಟರಮಟ್ಟಿಗೆ ನ್ಯಾಯವಾದುದೆಂಬುದನ್ನು ವಿಚಾರಿಸೋಣ.

ಸರ್ಕಾರಿ ಪ್ರಾಥಮಿಕ ಶಾಲೆಯ ಅತಿಥಿ ಶಿಕ್ಷಕರ ಗೌರವಧನ 2022ರಲ್ಲಿ ತಿಂಗಳಿಗೆ 10,000 ರೂಪಾಯಿಗೆ ಏರಿತು. 2025-26ರ ಆಯವ್ಯಯದಲ್ಲಿ ಅದಕ್ಕೆ 2,000 ರೂಪಾಯಿ ಸೇರಿತು. ದಿನಕ್ಕೆ ಹಂಚಿದರೆ 400 ರೂಪಾಯಿ. ಶೈಕ್ಷಣಿಕ ವರ್ಷ ಮುಗಿದೊಡನೆ ಅದೂ ನಿಲ್ಲುತ್ತದೆ, ಮರುವರ್ಷದ ಭರವಸೆಯಿಲ್ಲ. ಕಾಯಂ ಶಿಕ್ಷಕರಿಗೆ ಸಂಬಳವುಂಟು, ಪಾಠಕ್ಕೆ ಬಿಡುವಿಲ್ಲ. ಬಿಸಿಯೂಟದ ಲೆಕ್ಕ, ಮತದಾರರ ಪಟ್ಟಿ, ಗಣಕಯಂತ್ರಕ್ಕೆ ತುಂಬುವ ಮಾಹಿತಿ, ಎಲ್ಲವೂ ಅವರ ಹೆಗಲಿಗೇ. 2025ರ ಸೆಪ್ಟೆಂಬರ್ 22ರಂದು ಆರಂಭವಾದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರನ್ನೇ ನೇಮಿಸಿದ್ದರಿಂದ ಶಾಲೆಗಳ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ವಿಸ್ತರಿಸಬೇಕಾಯಿತು.

ಇದರ ನಷ್ಟ ಯಾರಿಗೆ? ಔರಾದ ಗಡಿ ತಾಲ್ಲೂಕು. ಮನೆಯಲ್ಲಿ ಮರಾಠಿಯನ್ನೋ ತೆಲುಗನ್ನೋ ಆಡುವ ಮಗುವಿಗೆ ಕನ್ನಡದ ಅಕ್ಷರ ತಿದ್ದಿಸಬೇಕಾದರೆ, ಆ ಮಗುವಿನ ಮಾತು ಬಲ್ಲ ಶಿಕ್ಷಕರು ಕೆಲವು ವರ್ಷವಾದರೂ ಅಲ್ಲಿ ನೆಲೆಯೂರಬೇಕು. ವರ್ಷಕ್ಕೊಬ್ಬರು ಬದಲಾದರೆ ಮಗು ಪ್ರತಿ ಜೂನಿನಲ್ಲಿಯೂ ಹೊಸಬರ ಮುಖ ನೋಡುತ್ತದೆ, ಕಲಿಕೆ ಹಿಂದೆ ಬೀಳುತ್ತದೆ.

ಸರ್ಕಾರವನ್ನು ಮಾತ್ರ ದೂರಿ ಸುಮ್ಮನಾಗುವಂತಿಲ್ಲ. ಮಠಗಳೂ ಇತರ ಸಂಸ್ಥೆಗಳೂ ನಡೆಸುವ ಅನುದಾನರಹಿತ ಶಾಲೆಗಳಲ್ಲಿ ಅಲ್ಪ ಸಂಬಳವನ್ನು 'ಸೇವೆ' ಎಂಬ ಮಾತಿನಿಂದ ಮರೆಮಾಡುವುದುಂಟು. ಇದು ಶರಣತತ್ತ್ವಕ್ಕೆ ವಿರುದ್ಧವಾದುದು. ಕಾಯಕದ ಫಲ ಮೊದಲು ದುಡಿದವರ ಕೈ ಸೇರಬೇಕು. ಅದರಲ್ಲೊಂದು ಪಾಲನ್ನು ಅವರು ಮನಸ್ಸೊಪ್ಪಿ ಅರ್ಪಿಸಿದರೆ ಅದು ದಾಸೋಹ. ಸಲ್ಲಬೇಕಾದುದನ್ನೇ ಹಿಡಿದಿಟ್ಟು ದಾಸೋಹವೆನ್ನುವುದು ಕಾಯಕಕ್ಕೆ ಮಾಡುವ ಅಪಚಾರ.

ಭಾಲ್ಕಿಯ ಡಾ. ಚನ್ನಬಸವ ಪಟ್ಟದ್ದೇವರು ನಿಜಾಮರ ಆಳ್ವಿಕೆಯಲ್ಲಿ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ್ದನ್ನು ನೆನೆದು, 'ಅಂದು ಸಂಬಳವೆಲ್ಲಿತ್ತು?' ಎನ್ನುವವರಿದ್ದಾರೆ. ಪೂಜ್ಯರ ತ್ಯಾಗ ಅವರೇ ವರಿಸಿದುದು. ವಿರಕ್ತರು ಒಲಿದು ಹೊತ್ತ ಭಾರವನ್ನು ಹೆಂಡಿರು ಮಕ್ಕಳುಳ್ಳ ಗೃಹಸ್ಥರ ಮೇಲೆ ಹೊರಿಸುವುದು ಧರ್ಮವಲ್ಲ. 1472ರಲ್ಲಿ ಮಹಮೂದ್ ಗವಾನ್ ಬೀದರಿನಲ್ಲಿ ಕಟ್ಟಿಸಿದ ಮದರಸಾದಲ್ಲಿ ಪಾಠದ ಕೋಣೆ, ಗ್ರಂಥಾಲಯಗಳೊಡನೆ ಅಧ್ಯಾಪಕರ ವಸತಿಗೂ ಸ್ಥಳವಿತ್ತು. ಕಲಿಸುವವರ ಬದುಕನ್ನು ಯೋಚಿಸುವುದು ಈ ನೆಲಕ್ಕೆ ಹೊಸದಲ್ಲ.

ಆದುದರಿಂದ ನಮ್ಮ ವಿನಂತಿ ಇಷ್ಟು. ಆಡಳಿತ ಮಂಡಳಿಯಲ್ಲಿರುವ ಭಕ್ತರು ಶಿಕ್ಷಕರ ಸಂಬಳದ ಪಟ್ಟಿಯನ್ನು ಪ್ರತಿ ಸಭೆಯಲ್ಲಿಯೂ ತರಿಸಿ ನೋಡಿರಿ. ದೇಣಿಗೆ ನೀಡುವವರು ಮಹಾದ್ವಾರಕ್ಕೆ, ಸಭಾಭವನಕ್ಕೆ ಹಣ ಬರೆಯಿಸುವ ಮೊದಲು, ಇಲ್ಲಿಯ ಶಿಕ್ಷಕರಿಗೆ ಏಪ್ರಿಲ್, ಮೇ ತಿಂಗಳ ಸಂಬಳ ಸಲ್ಲುವುದೇ ಎಂದು ಕೇಳಿರಿ. ಇಲ್ಲವೆಂದರೆ ನಿಮ್ಮ ದೇಣಿಗೆ ಮೊದಲು ಅಲ್ಲಿಗೆ ಸಲ್ಲಲಿ.