ಗ್ರಂಥ ವಿಮರ್ಶೆ: ‘ಸ್ಟಿಲ್ ಆಲಿಸ್’

ಮುಪ್ಪಿನಲ್ಲಿ ಮರೆವು ಸಹಜವೆಂದು ನಾವು ಸಮಾಧಾನ ತಂದುಕೊಳ್ಳುವುದುಂಟು. ಆದರೆ ಐವತ್ತರ ಪ್ರಾಯದಲ್ಲಿ, ಸಂಸಾರವೂ ಉದ್ಯೋಗವೂ ತುಂಬಿ ನಿಂತಿರುವಾಗಲೇ, ನೆನಪು ಕಳಚತೊಡಗಿದರೆ ಆ ಸಮಾಧಾನಕ್ಕೆ ಎಡೆಯೆಲ್ಲಿ? ಜರ್ಮನಿಯ ವೈದ್ಯನಾದ ಆಲ್ಜೈಮರನು 1906ರಲ್ಲಿ ಈ ರೋಗವನ್ನು ಮೊದಲು ವಿವರಿಸಿದಾಗ ಆತನು ಉದಾಹರಿಸಿದ ರೋಗಿ, 1901ರಲ್ಲಿ ಆಸ್ಪತ್ರೆ ಸೇರುವಾಗ 51 ವರುಷದ ಗೃಹಿಣಿ. 65 ತುಂಬುವ ಮೊದಲೇ ತಲೆದೋರುವ ಈ ಅಕಾಲದ ಮರೆವೇ ಲೀಸಾ ಜೆನೋವಾ ಎಂಬ ಅಮೆರಿಕದ ಲೇಖಿಕೆಯು 2007ರಲ್ಲಿ ತಾವೇ ಅಚ್ಚು ಹಾಕಿಸಿದ ಈ ಕಾದಂಬರಿಯ ವಸ್ತು.

ಕಥಾನಾಯಿಕೆ ಆಲಿಸ್ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಿಕೆ. ನಿತ್ಯ ಓಡಾಡುವ ಚೌಕದಲ್ಲಿಯೇ ಒಂದು ದಿನ ಆಕೆಗೆ ದಾರಿ ತಪ್ಪುತ್ತದೆ. ಕಥೆಯೆಲ್ಲವೂ ಆಕೆಯ ಅರಿವಿನೊಳಗಿನಿಂದಲೇ ಸಾಗುವುದರಿಂದ, ರೋಗದ ವರ್ಣನೆಯನ್ನು ಓದಿದಂತಾಗದೆ ನಾವೇ ಮರೆಯುತ್ತಿರುವಂತೆ ಭಾಸವಾಗುತ್ತದೆ. ಕಡೆಕಡೆಗೆ ಹೆತ್ತ ಮಗಳೇ ಆಕೆಗೆ ಹೆಸರಿಲ್ಲದ ‘ನಟಿ’ಯಾಗುತ್ತಾಳೆ. ಈ ಒಂದು ಮಾತಿನಲ್ಲಿರುವ ಸಂಕಟವು ಹತ್ತು ಪುಟಗಳ ವಿಲಾಪದಲ್ಲಿಯೂ ಬಾರದು.

ಆದರೆ ಈ ಗುಣದ ಬೆನ್ನಿಗೇ ದೋಷವೂ ಇದೆ. ರೋಗಿಯ ಕಣ್ಣಿಗೆ ಬೀಳದುದು ವಾಚಕರ ಕಣ್ಣಿಗೂ ಬೀಳುವುದಿಲ್ಲ. ರಾತ್ರಿಯ ನಿದ್ದೆಗೇಡು, ಒಗೆಯಬೇಕಾದ ಬಟ್ಟೆ, ಆರೈಕೆಗಾಗಿ ಬಿಟ್ಟ ದುಡಿಮೆ, ಇವೆಲ್ಲವೂ ತೆರೆಯ ಹಿಂದೆ ಉಳಿದುಬಿಡುತ್ತವೆ.

ಮಕ್ಕಳ ಧರ್ಮಸಂಕಟವನ್ನು ಮಾತ್ರ ಲೇಖಿಕೆಯು ಮರೆಮಾಚಿಲ್ಲ. ಈ ಕುಟುಂಬದಲ್ಲಿ ರೋಗವು ವಂಶವಾಹಿಯ ದೋಷದಿಂದ ಬಂದುದು. ಪ್ರತಿಯೊಂದು ಮಗುವಿಗೂ ಅದು ಇಳಿಯುವ ಸಂಭವ ಅರ್ಧಕ್ಕರ್ಧ. ಹಿರಿಯ ಮಗಳಲ್ಲಿ ಆ ದೋಷವಿದೆಯೆಂದು ತಿಳಿಯುತ್ತದೆ, ಮಗನು ಪಾರಾಗುತ್ತಾನೆ, ಕಿರಿಯಳು ಪರೀಕ್ಷೆಯನ್ನೇ ಒಲ್ಲೆನೆನ್ನುತ್ತಾಳೆ. ತಾಯಾಗಬಯಸುವ ಹಿರಿಯಳಿಗೆ ತನ್ನ ಮನೆಯನ್ನು ಕಾಯುವುದೆಂದರೆ ಹುಟ್ಟಲಿರುವ ಮಗುವನ್ನು ಕಾಯುವುದೇ ಆಗಿದೆ. ಇತ್ತ ಪತಿಯು ಪತ್ನಿಯನ್ನು ಕರೆದುಕೊಂಡು ನ್ಯೂಯಾರ್ಕಿನ ಹೊಸ ಉದ್ಯೋಗಕ್ಕೆ ಹೊರಡಬೇಕೆಂದರೆ, ಪರಿಚಯವಿಲ್ಲದ ಊರಿನಲ್ಲಿ ತಾಯಿ ಕಂಗೆಡುವಳೆಂದು ಮಕ್ಕಳು ತಡೆಯುತ್ತಾರೆ. ಕೊನೆಗೆ ಆತನೊಬ್ಬನೇ ಹೋಗುತ್ತಾನೆ. ಆತನನ್ನು ಕಲ್ಲೆದೆಯವನೆಂದು ಜರೆಯುವುದು ಸುಲಭ. ಲೇಖಿಕೆಯು ಹಾಗೆ ಮಾಡದಿರುವುದೇ ಈ ಗ್ರಂಥದ ಪ್ರಾಮಾಣಿಕತೆಗೆ ಸಾಕ್ಷಿಯೆಂದು ನಮ್ಮ ಅಭಿಪ್ರಾಯ.

2016ರ ನಮ್ಮ ಕನ್ನಡ ಚಲಚ್ಚಿತ್ರ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಇಲ್ಲಿ ನೆನಪಾಗುತ್ತದೆ. ಅದರಲ್ಲಿ ಮರೆವಿನ ತಂದೆಯನ್ನು ಆರೈಕೆಯ ಮನೆಯಲ್ಲಿರಿಸಿ ಮುಂಬಯಿಗೆ ದುಡಿಯಹೋದ ಮಗನು, ತಂದೆ ಕಳೆದುಹೋದ ಮೇಲೆ ಹುಡುಕುತ್ತ ಪಶ್ಚಾತ್ತಾಪಪಡುತ್ತಾನೆ. ಪಶ್ಚಾತ್ತಾಪವು ಕಥೆಗೆ ಒಳ್ಳೆಯ ಮುಕ್ತಾಯ. ನಿತ್ಯದ ಬದುಕಿಗೆ ಸಾಲದು. ರೋಗವು ವರ್ಷಗಟ್ಟಲೆ ನಡೆಯುವುದು. ನಮ್ಮ ಮನೆಗಳಲ್ಲಿ ‘ಮಕ್ಕಳ ಕರ್ತವ್ಯ’ವೆಂಬುದು ಬಹುಮಟ್ಟಿಗೆ ಸೊಸೆಯ ಹೆಗಲಿಗೇರುವುದನ್ನು ಬಲ್ಲವರಾರೂ, ಒಬ್ಬರೇ ಹೊತ್ತ ಸೇವೆಯನ್ನು ಆದರ್ಶವೆಂದು ಕೊಂಡಾಡಲಾರರು. ಭಾರವನ್ನು ಹಂಚಿಕೊಳ್ಳುವುದೂ, ಸಂಬಳದ ದಾದಿಯನ್ನು ನೇಮಿಸುವುದೂ, ತಮ್ಮ ಮಕ್ಕಳ ಊಟ, ಪಾಠ, ನಗೆಗಳಿಗೆ ಹೊತ್ತು ಮೀಸಲಿಡುವುದೂ ಹೆತ್ತವರಿಗೆ ಬಗೆದ ದ್ರೋಹವಲ್ಲ. ಸೇವೆ ಕಡೆತನಕ ನಿಲ್ಲುವುದು ಇವುಗಳಿಂದಲೇ.

ಈ ಮಾತನ್ನು ಜೆನೋವಾ ಅವರು ಬಾಯಿಬಿಟ್ಟು ಹೇಳಿಲ್ಲವಾದರೂ, ತಾಯಿಯನ್ನು ನೋಡಿಕೊಳ್ಳುವ ಹೊಣೆಯನ್ನು ಕೊನೆಗೆ ಮಕ್ಕಳ ನಡುವೆ ಹಂಚಿ ಸೂಚಿಸಿದ್ದಾರೆ. ಇದೇ ಕಥೆಯನ್ನು ಆರೈಕೆ ಮಾಡುವ ಸೊಸೆಯೊಬ್ಬಳ ಕಣ್ಣಿನಿಂದ ಕನ್ನಡದಲ್ಲಿ ಬರೆಯುವವರುಂಟಾದರೆ, ಈ ಗ್ರಂಥವು ಬಿಟ್ಟ ಅರ್ಧವು ತುಂಬೀತು. ಅದುವರೆಗೆ ಇದನ್ನು ಮನೆಮಂದಿಯೆಲ್ಲರೂ ಓದಿ ಮಾತನಾಡಿಕೊಳ್ಳಲೆಂದು ಹಾರೈಸುತ್ತೇವೆ.