ಕಟ್ಟಡದ ಸಂಶೋಧನೆಯೂ ಕಟ್ಟುವವರ ಸಾಕ್ಷ್ಯವೂ

ಯಾವುದೇ ಶಾಸ್ತ್ರದ ಬೆಲೆಯನ್ನು ಅದು ಕೊಡುವ ಉತ್ತರಗಳಿಂದ ಮಾತ್ರವೇ ಅಳೆಯಲಾಗದು. ಆ ಉತ್ತರಗಳಿಗಾಗಿ ಅದು ಯಾರನ್ನು ಪ್ರಶ್ನಿಸಿತು ಎಂಬುದನ್ನೂ ನೋಡಬೇಕಾಗುತ್ತದೆ. ಕಟ್ಟಡಗಳ ನಿರ್ಮಾಣ, ಯೋಜನೆಗಳ ನಿರ್ವಹಣೆ, ಕಾರ್ಮಿಕರ ಸುರಕ್ಷತೆ ಈ ಮೂರು ವಿಷಯಗಳನ್ನು ಕುರಿತು ನಮ್ಮ ತಾಂತ್ರಿಕ ವಿದ್ಯಾಲಯಗಳಲ್ಲಿ ಇಂದು ಹೇರಳವಾಗಿ ಪ್ರಬಂಧಗಳು ರಚಿತವಾಗುತ್ತಿವೆ. ಥಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ನೆಲೆಸಿರುವ ನಮಗೆ ಆ ಪ್ರಬಂಧಗಳ ವಸ್ತು ಕಿಟಕಿಯಾಚೆಗೇ ಕಾಣುತ್ತದೆ. ಆದುದರಿಂದ ಈ ಸಂಶೋಧನೆಯ ತಳಹದಿಯನ್ನು ವಿಮರ್ಶಕ ದೃಷ್ಟಿಯಿಂದ ಪರೀಕ್ಷಿಸುವುದು ಅಪ್ರಸ್ತುತವಾಗದೆಂದು ನಂಬಿದ್ದೇವೆ.

ಈ ಶಾಸ್ತ್ರಕ್ಕೆ ಎರಡು ಮೂಲಗಳುಂಟು. ಮೊದಲನೆಯದು ಕಾಲದ ಲೆಕ್ಕ. ಒಂದು ಕೆಲಸ ಮುಗಿಯದೆ ಮುಂದಿನದು ಮೊದಲಾಗದಂತಹ ಸರಪಣಿಗಳಲ್ಲಿ ಅತಿ ದೀರ್ಘವಾದುದನ್ನು ಗುರುತಿಸಿ, ಇಡೀ ಯೋಜನೆಯ ಅವಧಿಯನ್ನು ನಿರ್ಣಯಿಸುವ ವಿಧಾನವು 1957ರ ಸುಮಾರಿಗೆ ಅಮೆರಿಕೆಯ ಡ್ಯುಪಾಂಟ್ ಸಂಸ್ಥೆಯಲ್ಲಿ ರೂಪುಗೊಂಡಿತು. ಮರುವರ್ಷವೇ ಆ ದೇಶದ ನೌಕಾಪಡೆಯು ಪೊಲಾರಿಸ್ ಕ್ಷಿಪಣಿಗಾಗಿ ಅದರ ಸೋದರವಿಧಾನವೊಂದನ್ನು ಬಳಕೆಗೆ ತಂದಿತು. ಎರಡನೆಯ ಮೂಲ ಅಪಘಾತದ ಲೆಕ್ಕ. ವಿಮಾಸಂಸ್ಥೆಯೊಂದರ ಉದ್ಯೋಗಿಯಾಗಿದ್ದ ಹೈನ್‌ರಿಚ್ 1931ರಲ್ಲಿ ಪ್ರಕಟಿಸಿದ ಗ್ರಂಥವು ಇದಕ್ಕೆ ಆದಿಗ್ರಂಥವೆನಿಸಿದೆ. ಸುಮಾರು 75,000 ಅಪಘಾತಗಳನ್ನು ಪರಿಶೀಲಿಸಿ, ಅವುಗಳಲ್ಲಿ ನೂರಕ್ಕೆ 88 ಮನುಷ್ಯರ ಅಸುರಕ್ಷಿತ ವರ್ತನೆಯಿಂದಲೂ, 10 ಯಂತ್ರ ಹಾಗೂ ಪರಿಸರದ ದೋಷದಿಂದಲೂ, ಉಳಿದ 2 ಅನಿವಾರ್ಯವಾಗಿಯೂ ಸಂಭವಿಸಿದವೆಂದು ಅವರು ಸಾರಿದರು.

ಈ ಸಂಖ್ಯೆಗಳು ತೊಂಬತ್ತು ವರ್ಷಗಳಿಂದ ಪ್ರಬಂಧದಿಂದ ಪ್ರಬಂಧಕ್ಕೆ ಹರಿದುಬರುತ್ತಿವೆ. ಆದರೆ ಅವುಗಳ ಆಧಾರಸಾಮಗ್ರಿ ಯಾವುದು? ಸುಮಾರು 12,000 ಪ್ರಕರಣಗಳು ವಿಮಾಸಂಸ್ಥೆಯ ಕಡತಗಳಿಂದಲೂ, 63,000 ಪ್ರಕರಣಗಳು ಕಾರ್ಖಾನೆಗಳ ಒಡೆಯರ ದಾಖಲೆಗಳಿಂದಲೂ ಬಂದವು. ಬಿದ್ದವನ ಹೇಳಿಕೆ ಅಲ್ಲಿ ಸ್ವತಂತ್ರ ಪ್ರಮಾಣವಾಗಿ ನಿಲ್ಲಲಿಲ್ಲ. ಪ್ರತಿವಾದಿಯೇ ಬರೆದಿಟ್ಟ ಕಡತವನ್ನು ತೀರ್ಪಿನಂತೆ ಸ್ವೀಕರಿಸಿದರೆ ವಾದಿಯ ತಪ್ಪೇ ಎದ್ದು ಕಾಣುವುದರಲ್ಲಿ ಆಶ್ಚರ್ಯವೇನು? ಹೈನ್‌ರಿಚ್‌ರಿಗೆ ಅನ್ಯಾಯವಾಗದಂತೆ ಇಷ್ಟನ್ನು ಸೇರಿಸಬೇಕು: ಅಪಘಾತವನ್ನು ತಡೆಯುವ ಹೊಣೆ ಆಡಳಿತದ್ದೆಂದು ಅವರೂ ಬರೆದರು. ಅನುಯಾಯಿಗಳು ಆ ಮಾತನ್ನು ಬಿಟ್ಟು, 88ನ್ನು ಮಾತ್ರ ಕೈಗೆತ್ತಿಕೊಂಡರು.

ಬೇರೆ ದಾರಿ ಇಲ್ಲದಿರಲಿಲ್ಲ. 1907ರ ಆಗಸ್ಟ್ 29ರಂದು ಕೆನಡಾದ ಕ್ವಿಬೆಕ್ ಸೇತುವೆ ಕುಸಿದು 75 ಮಂದಿ ಮಡಿದಾಗ, ವಿಚಾರಣಾ ಆಯೋಗವು ದೋಷವನ್ನು ಅರಸಿದ್ದು ವಿನ್ಯಾಸಕಾರರ ಲೆಕ್ಕಾಚಾರದಲ್ಲಿ. ಸೇತುವೆಯ ಸ್ವಂತ ಭಾರವನ್ನೇ ಅವರು ಕಡಿಮೆ ಎಣಿಸಿದ್ದರು. ಕೆಳಗಿನ ಉಕ್ಕಿನ ಅಂಗಗಳು ಬಾಗುತ್ತಿದ್ದುದು ಸ್ಥಳದಲ್ಲಿದ್ದವರ ಕಣ್ಣಿಗೆ ಮೊದಲೇ ಬಿದ್ದಿತ್ತು. ಕೆಲಸ ಮಾತ್ರ ನಿಲ್ಲಲಿಲ್ಲ. ಯುರೋಪಿನ ರಾಷ್ಟ್ರಗಳು 1992ರಲ್ಲಿ ಹೊರಡಿಸಿದ ನಿರ್ದೇಶದ ಪೀಠಿಕೆಯು ಇನ್ನೂ ಸ್ಪಷ್ಟವಾಗಿದೆ: ನಿರ್ಮಾಣಸ್ಥಳಗಳ ಅರ್ಧಕ್ಕೂ ಹೆಚ್ಚು ಅಪಘಾತಗಳಲ್ಲಿ ವಿನ್ಯಾಸದ, ವ್ಯವಸ್ಥೆಯ ಅಥವಾ ಪೂರ್ವಯೋಜನೆಯ ಕೊರತೆಗೆ ಪಾಲುಂಟೆಂದು ಅದು ಒಪ್ಪಿಕೊಂಡಿತು. ಎಂದರೆ, ಸಾರುವೆಯ ಮೇಲಿಂದ ಮನುಷ್ಯ ಬೀಳುವ ಎಷ್ಟೋ ದಿನ ಮೊದಲೇ ಕಾಗದದ ಮೇಲೆ ಅವನ ಪತನ ಆರಂಭವಾಗಿರುತ್ತದೆ.

ಈ ಎರಡು ದೃಷ್ಟಿಗಳನ್ನು ನಮ್ಮ ಜಿಲ್ಲೆಯ ಒರೆಗಲ್ಲಿನ ಮೇಲೆ ಉಜ್ಜಿ ನೋಡೋಣ. 2013ರ ಏಪ್ರಿಲ್ 4ರಂದು ಮುಂಬ್ರಾದ ಬಳಿ ಶೀಳ್ ಫಾಟಾದಲ್ಲಿ, ಪರವಾನಗಿಯಿಲ್ಲದೆ ತರಾತುರಿಯಲ್ಲಿ ಏಳುತ್ತಿದ್ದ ಬಹುಮಹಡಿ ಕಟ್ಟಡವು ಕುಸಿದು 74 ಮಂದಿ ಸತ್ತರು. ಮೇಲೆ ಕೆಲಸ ನಡೆದಿರುವಾಗಲೇ ಕೆಳಗೆ ಸಂಸಾರಗಳು ವಾಸಕ್ಕಿದ್ದವು. ಸತ್ತವರಲ್ಲಿ ಮಕ್ಕಳೂ ಇದ್ದರು. 2023ರ ಆಗಸ್ಟ್ 1ರ ನಡುರಾತ್ರಿಯ ವೇಳೆಗೆ ಶಹಾಪುರ ತಾಲೂಕಿನಲ್ಲಿ, ಸಮೃದ್ಧಿ ಮಹಾಮಾರ್ಗದ ಸೇತುವೆಗೆ ತೊಲೆಗಳನ್ನು ಏರಿಸುವ ಯಂತ್ರ ಕುಸಿದು 20 ಮಂದಿ ಮಡಿದರು. ಅದೇ ವರ್ಷದ ಸೆಪ್ಟೆಂಬರ್ 10, ಭಾನುವಾರ, ಥಾಣೆಯ ಬಾಳಕುಮ್‌ನಲ್ಲಿ 40 ಮಹಡಿಗಳ ಕಟ್ಟಡದ ಮೇಲ್ಛಾವಣಿಗೆ ನೀರು ಇಳಿಯದಂತೆ ಲೇಪನ ಮಾಡಿ ಕೆಳಗೆ ಬರುತ್ತಿದ್ದ 7 ಮಂದಿ ಕಾರ್ಮಿಕರು ಲಿಫ್ಟ್ ಬಿದ್ದು ಸತ್ತರು.

ಇವುಗಳಲ್ಲಿ ಯಾವುದನ್ನು ಆ 88ರ ಗುಂಪಿಗೆ ಸೇರಿಸೋಣ? ಮನೆಯಲ್ಲಿದ್ದ ಮಗುವಿನ ವರ್ತನೆ ಯಾವ ಬಗೆಯಲ್ಲಿ ಅಸುರಕ್ಷಿತ? ಕೆಲಸ ಮುಗಿಸಿ ಲಿಫ್ಟ್ ಏರಿದವನು ಮಾಡಿದ ಪ್ರಮಾದ ಯಾವುದು? ನಡುರಾತ್ರಿಯ ಪಾಳಿಯನ್ನು, ಭಾನುವಾರದ ದುಡಿಮೆಯನ್ನು, ಕೆಳಗೆ ಬಿಡಾರ ಮೇಲೆ ಕಾಂಕ್ರೀಟು ಎಂಬ ಕ್ರಮವನ್ನು ಕಾರ್ಮಿಕನು ಗೊತ್ತುಪಡಿಸುವುದಿಲ್ಲ.

ಇಲ್ಲಿಯೇ ಕಾಲದ ಲೆಕ್ಕವೂ ಅಪಘಾತದ ಲೆಕ್ಕವೂ ಒಂದನ್ನೊಂದು ಸಂಧಿಸಬೇಕಾಗಿತ್ತು. ಭಾರತೀಯ ಮಾನಕ 456ರ 2000ದ ಆವೃತ್ತಿಯು ಸಾಮಾನ್ಯ ಸಂದರ್ಭಗಳಲ್ಲಿ 4.5 ಮೀಟರಿಗಿಂತ ಹೆಚ್ಚು ಅಂತರದ ಚಪ್ಪಡಿಯ ಆಸರೆಗಂಬಗಳನ್ನು 14 ದಿನಗಳವರೆಗೆ, 6 ಮೀಟರ್ ಮೀರಿದ ತೊಲೆಯ ಆಸರೆಗಳನ್ನು 21 ದಿನಗಳವರೆಗೆ ತೆಗೆಯಬಾರದೆನ್ನುತ್ತದೆ. ಕಾಂಕ್ರೀಟಿಗೆ ತನ್ನದೇ ಪಂಚಾಂಗವುಂಟು. ಗುತ್ತಿಗೆದಾರನ ಪಂಚಾಂಗ ಬೇರೆ. ಎರಡಕ್ಕೂ ವಿರೋಧ ಬಂದಾಗ ಆ ಅಂತರವನ್ನು ತನ್ನ ಮೈಮೇಲೆ ಹೊರುವವನು ಚಪ್ಪಡಿಯ ಅಡಿಯಲ್ಲಿ ನಿಂತವನು. ಹೀಗಿದ್ದರೂ ನಮ್ಮ ಪ್ರಬಂಧಗಳಲ್ಲಿ ವಿಳಂಬದ ಅಧ್ಯಾಯ ಒಂದು ಕಡೆ, ಅಪಘಾತದ ಅಧ್ಯಾಯ ಮತ್ತೊಂದು ಕಡೆ. ಒಡೆಯರಿಗೂ ಸಲಹೆಗಾರರಿಗೂ ಗುತ್ತಿಗೆದಾರರಿಗೂ ಪ್ರಶ್ನಾವಳಿಗಳನ್ನು ಕಳುಹಿಸಿ, ಬಂದ ಅಂಕಗಳನ್ನು ಕೂಡಿಸಿ ಕಾರಣಗಳಿಗೆ ಸ್ಥಾನ ಕಟ್ಟುವುದು ರೂಢವಾದ ಪದ್ಧತಿ. ಸಂಖ್ಯಾಶಾಸ್ತ್ರ ಅದರಲ್ಲಿ ನಿರ್ದುಷ್ಟವಾಗಿರಬಹುದು. ಸಾಕ್ಷ್ಯ ಮಾತ್ರ ಏಕಪಕ್ಷೀಯ.

ಕಾರ್ಮಿಕರು ಶಿರಸ್ತ್ರಾಣವನ್ನು ತೆಗೆದಿಡುತ್ತಾರೆ, ಸೊಂಟದ ಪಟ್ಟಿಯನ್ನು ಕಟ್ಟಿಕೊಳ್ಳುವುದಿಲ್ಲ ಎಂಬ ಆಕ್ಷೇಪವನ್ನು ಅಲ್ಲಗಳೆಯಲಾಗದು. ಆದರೆ ಪಟ್ಟಿಯ ಕೊಕ್ಕೆಯನ್ನು ಸಿಕ್ಕಿಸಲು ಭದ್ರವಾದ ಹಗ್ಗವೊಂದಿತ್ತೆ? ಚದರಡಿಯ ಲೆಕ್ಕದಲ್ಲಿ ಕೂಲಿ ಪಡೆಯುವವನಿಗೆ, ಹೆಜ್ಜೆಹೆಜ್ಜೆಗೂ ಅದನ್ನು ಬಿಚ್ಚಿ ಕಟ್ಟುವ ಹೊತ್ತಿನ ಬೆಲೆಯನ್ನು ತೆರುವವರು ಯಾರು? ವರ್ತನೆಯಿಂದ ಹೊರಟ ವಿಚಾರಣೆ ಪ್ರಾಮಾಣಿಕವಾಗಿದ್ದರೆ ವ್ಯವಸ್ಥೆಗೆ ಬಂದು ಮುಟ್ಟಲೇಬೇಕು.

ನಮ್ಮ ಜನಪದರ 'ಕೆರೆಗೆ ಹಾರ'ವನ್ನು ಅರಿಯದ ಕನ್ನಡಿಗರು ವಿರಳ. ಮಲ್ಲನಗೌಡ ಕಟ್ಟಿಸಿದ ಕೆರೆಗೆ ನೀರು ಬರಲಿಲ್ಲ. ಜಲಮೂಲವನ್ನೂ ತೂಬನ್ನೂ ಯಾರೂ ಪರೀಕ್ಷಿಸಲಿಲ್ಲ. ಕಿರಿಸೊಸೆ ಭಾಗೀರಥಿಯನ್ನು ಬಲಿಗೆ ಆರಿಸಿದರು. ಆಕೆಯ ಅಭಿಪ್ರಾಯವನ್ನು ಕೇಳುವ ಗೋಜಿಗೆ ಮನೆಯವರು ಹೋಗಲಿಲ್ಲ. ಕಟ್ಟಿದುದರ ದೋಷಕ್ಕೆ ಕಟ್ಟಕಡೆಯ ಮನುಷ್ಯಳನ್ನು ಉತ್ತರವಾಗಿ ಒಪ್ಪಿಸುವ ಬುದ್ಧಿ ಆ ಕಾಲಕ್ಕೇ ಮುಗಿಯಿತೆನ್ನುವ ಧೈರ್ಯ ನಮಗಿಲ್ಲ. ಹಾಡಿದವರಾದರೂ ಭಾಗೀರಥಿಗಾಗಿ ಕಣ್ಣೀರಿಟ್ಟರು. ಶೇಕಡಾವಾರು ಪಟ್ಟಿಗೆ ಆ ಮರುಕವೂ ಇಲ್ಲ.

ಈ ವಿಚಾರದಲ್ಲಿ ಹೊರನಾಡ ಕನ್ನಡಿಗರಿಗೆ ವಿಶೇಷವಾದ ಹೊಣೆಯುಂಟು. ಕಲಬುರಗಿ, ಯಾದಗಿರಿಗಳ ಹಳ್ಳಿಗಳಿಂದ, ತಾಂಡಾಗಳಿಂದ ಈ ಕಡೆಗೆ ವಲಸೆ ಬಂದು ಗಾರೆ, ಮಣ್ಣು, ಕಲ್ಲುಗಳ ಕೆಲಸದಲ್ಲಿ ತೊಡಗಿರುವವರು ನಮ್ಮ ನುಡಿಯನ್ನು ಬಲ್ಲವರು. ಅಭಿಯಂತರರೂ ಅಧ್ಯಾಪಕರೂ ನಮ್ಮಲ್ಲಿಯೇ ಇದ್ದಾರೆ. ಪ್ರಶ್ನಾವಳಿ ಇಂಗ್ಲಿಷಿನಲ್ಲಿ ಸಿದ್ಧವಾದಾಗ ಈ ಎರಡು ವರ್ಗಗಳ ನಡುವೆ ಏಳುವ ಗೋಡೆ, ಕನ್ನಡದಲ್ಲಿ ಮಾತನಾಡಿದಾಗ ಏಳಬೇಕಾಗಿಲ್ಲ. 1996ರ ಕಟ್ಟಡ ಕಾರ್ಮಿಕರ ಕಾಯಿದೆಯು 500 ಅಥವಾ ಹೆಚ್ಚು ಮಂದಿ ದುಡಿಯುವೆಡೆ ಸುರಕ್ಷಾ ಸಮಿತಿ ಇರಬೇಕೆಂದೂ, ಅದರಲ್ಲಿ ಕಾರ್ಮಿಕರ ಪ್ರತಿನಿಧಿಗಳು ಒಡೆಯರ ಪ್ರತಿನಿಧಿಗಳಿಗಿಂತ ಕಡಿಮೆಯಿರಬಾರದೆಂದೂ ವಿಧಿಸಿತ್ತು. 2025ರ ನವೆಂಬರ್ 21ರಿಂದ ಅದರ ಸ್ಥಾನಕ್ಕೆ ಬಂದಿರುವ 2020ರ ಸಂಹಿತೆಯೂ ಸಮಿತಿಗಳಲ್ಲಿ ಆ ಸಮತೆಯನ್ನು ಉಳಿಸಿಕೊಂಡಿದೆ. ಕಾನೂನು ಒಪ್ಪಿದ ಸಾಕ್ಷಿಯನ್ನು ಶಾಸ್ತ್ರವು ಹೊರಗಿಡುವುದು ಯುಕ್ತವಲ್ಲ.

ಅಂದು ಪಾಳಿ ಎಷ್ಟು ಹೊತ್ತಿನದು, ಆಸರೆಯನ್ನು ತೆಗೆಯೆಂದವರು ಯಾರು, ಬಿರುಕನ್ನು ಮೊದಲು ಕಂಡವನು ಯಾರಿಗೆ ಹೇಳಿದ, ಕೆಲಸವನ್ನು ನಿಲ್ಲಿಸುವ ಅಧಿಕಾರ ಯಾರಿಗಿತ್ತು? ಈ ನಾಲ್ಕು ಪ್ರಶ್ನೆಗಳನ್ನು ಕೆಲಸಗಾರರಿಗೆ ಅವರ ನುಡಿಯಲ್ಲಿ ಕೇಳಿ, ಉತ್ತರಗಳನ್ನು ಇದ್ದಂತೆಯೇ ದಾಖಲಿಸುವ ಕಾರ್ಯವನ್ನು ನಮ್ಮ ಸಂಘಗಳು ಕೈಗೊಂಡರೆ, ಮುಂದಿನ ಸಂಶೋಧಕನಿಗೆ ಒಡೆಯರ ಕಡತದ ಪಕ್ಕದಲ್ಲಿಟ್ಟು ನೋಡಲು ಎರಡನೆಯ ಕಡತವೊಂದು ದೊರೆಯುತ್ತದೆ. ಎರಡೂ ಕೈಯಲ್ಲಿದ್ದಾಗಲೇ ಕಾರಣವನ್ನು ಕುರಿತು ಮಾತನಾಡುವ ಅಧಿಕಾರ ಅವನಿಗೆ ಬಂದೀತು.